ಪೋಸ್ಟ್‌ಕಾರ್ಡು ತೂರದ ಅಟ್ಟ

ಹರಿಹರದಲ್ಲಿರುವ ನಮ್ಮಕ್ಕನ ಮನೆಯ ಹಿತ್ತಲ ಬಾಗಿಲಿಗೆ ನಾನು ಮೊನ್ನೆಯವರೆಗೂ ಕೈ ಹಚ್ಚಿರಲಿಲ್ಲ. ದಾವಣಗೆರೆಯಿಂದ ಬಸ್ಸಿಳಿದು ಹೋಗಿ ಕಾಲು ತೊಳೆಯಬೇಕೆಂದರೂ ಅಕ್ಕ ಬಂದು ಬಾಗಿಲು ತೆಗೆಯುವ ತನಕ ಚೊಂಬು ಹಿಡಿದು ನಿಂತಿರುತ್ತೇನೆ. ಎಪ್ಪತ್ತು ದಾಟಿದ ಮುದುಕ ಹೊಸ ಅಳಿಯನ ಹಾಗೆ ನಿಲ್ಲುವುದನ್ನು ನೋಡಿ ನೆರೆಮನೆಯವರು ನಗುತ್ತಾರೆ. ನಗಲಿ ಬಿಡಿ. ಬೇಸಿಗೆಯಲ್ಲಿ ಆ ಬಾಗಿಲು ಅಕ್ಕನ ಒಂದು ಕೈಗೆ ಸಲೀಸಾಗಿ ಬರುತ್ತದೆ. ಮಳೆಗಾಲದಲ್ಲಿ ಮಾತ್ರ ಚೌಕಟ್ಟನ್ನು ಕಚ್ಚಿ ಹಿಡಿದುಬಿಡುತ್ತದೆ.

ಮೊನ್ನೆ ಹೋದಾಗ ಆರಿದ್ರಾ ಮಳೆ ಹಿಡಿದಿತ್ತು. ಅಕ್ಕ ಬಾಗಿಲಿನ ಕಬ್ಬಿಣದ ಬಳೆ ಹಿಡಿದು ಎರಡು ಸಲ ಜಗ್ಗಿದಳು, ಬರಲಿಲ್ಲ. ಒದ್ದೆಯಾದ ಹಲಗೆಯಿಂದ ರಾಳದ ವಾಸನೆ ಸಣ್ಣಗೆ ಎದ್ದಿತು. ಇಷ್ಟು ವರ್ಷವಾದರೂ ಆ ಮರ ವಾಸನೆ ಬಿಟ್ಟಿಲ್ಲ. ಆ ಹಲಗೆ ಹೆರೆದದ್ದು ನಾನು, ಆ ಬಳೆ ಕೂರಿಸಿದ್ದೂ ನಾನು. ಆದರೆ ಬಾಗಿಲಿಗೆಂದು ಅಲ್ಲ.

ಅರವತ್ತರ ದಶಕದ ಮೊದಮೊದಲ ವರ್ಷಗಳು. ನನಗೆ ಇಪ್ಪತ್ತಾರು, ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಬಡಗಿ. ನಮ್ಮದು ಮೂಲದಲ್ಲಿ ತುಂಗಭದ್ರೆಯ ಜನ. ಅಜ್ಜ ಹರಿಗೋಲು ಹಾಕುತ್ತಿದ್ದನಂತೆ. ಅಪ್ಪ ಹೊಳೆ ಬಿಟ್ಟು ಗಿರಣಿ ಸೇರಿದ, ನಾನು ಗಿರಣಿಯ ಕೂಗು ಕೇಳುತ್ತಲೇ ಬೆಳೆದೆ. ಹೊಳೆಯವರ ಮೊಮ್ಮಗನಾಗಿ ಈಜು ಬಾರದವನು ನಾನೊಬ್ಬನೇ ಇರಬೇಕು. ಅಕ್ಕ ಹಾಲಮ್ಮನನ್ನು ಮಾತ್ರ ಅಪ್ಪ ತಿರುಗಿ ಹೊಳೆಗೇ ಕೊಟ್ಟ, ಹರಿಹರದ ಹೊನ್ನಪ್ಪನಿಗೆ. ಭಾವ ಮೀನು ಹಿಡಿಯುವವನು. ಗಟ್ಟಿ ಆಳು, ಬಾಯಿ ತೆರೆದರೆ ತಮಾಷೆ. ಮಕ್ಕಳಿರಲಿಲ್ಲ. ಮನೆಯಲ್ಲಿ ಅವನು, ಅಕ್ಕ, ಅವನ ತಾಯಿ ದುರುಗಮ್ಮಜ್ಜಿ, ಮೂರೇ ಜನ.

ಆ ವರ್ಷ ಯುಗಾದಿ ಮುಗಿದ ಮೇಲೆ ಭಾವನಿಂದ ಒಂದು ಪೋಸ್ಟ್‌ಕಾರ್ಡು ಬಂತು. ಓದು ಬಲ್ಲ ಯಾರ ಕೈಲೋ ಬರೆಸಿದ್ದ. ಹೊಳೆಯ ನೀರು ಅಳೆಯುವ ಸರಕಾರದ ಮಂದಿ ತಮ್ಮ ಹಳೆಯ ಅಲ್ಯೂಮಿನಿಯಂ ದೋಣಿಯನ್ನು ಹರಾಜು ಹಾಕಿದ್ದರು, ಭಾವ ಅದನ್ನು ಹಿಡಿದಿದ್ದ. "ಅದಕ್ಕೊಂದು ಅಟ್ಟ ಬೇಕು, ನಿನ್ನ ಸಾಮಾನು ತಗೊಂಡು ಬಾ" ಎಂದಿತ್ತು ಕಾರ್ಡು.

ಹೋಗಿ ನೋಡಿದೆ. ದೋಣಿ ಚಿಕ್ಕದು, ನಾಲ್ಕು ಜನ ಕೂರಬಹುದಾದಷ್ಟು. ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಓಣಿಯವರು ಆಗಲೇ ಅದಕ್ಕೆ 'ಪಾತ್ರೆ' ಎಂದು ಹೆಸರಿಟ್ಟಿದ್ದರು. "ಹೊನ್ನಪ್ಪ ಹೊಳೀಗೆ ಪಾತ್ರಿ ಬಿಟ್ಟಾನೆ, ಸಾರಿಗೆ ಇಡಾಕೆ" ಎಂದು ನಗುವರು. ಭಾವನಿಗೆ ಆ ನಗೆಯ ಚಿಂತೆಯಿರಲಿಲ್ಲ. ಅವನ ತಕರಾರೇ ಬೇರೆ.

"ಹರಿಗೋಲಾಗೆ ಚರ್ಮದ ಮ್ಯಾಲೆ ನಿಂತ್ರೆ ಸಪ್ಪಳ ಇಲ್ಲ ತಿಪ್ಪೇಶಿ. ಇದ್ರಾಗೆ ಕಾಲಿಟ್ರೆ ತಗಡು ಢಬ್ ಅಂತೈತೆ. ಮೀನು ಆಚೆ ದಂಡಿಗೆ ಹೋಗಿ ಕುಂದ್ರತಾವೆ. ನಿಂತು ಬಲಿ ಬೀಸಾಕೆ ಒಂದು ಮರದ ಹಾಸು ಮಾಡಿಕೊಡು. ಆದ್ರೆ ಅದು ಬಿಚ್ಚಂಗಿರಬೇಕು."

ಬಿಚ್ಚುವ ಹಾಗೆ ಯಾಕಿರಬೇಕು ಎಂಬುದನ್ನೂ ತೋರಿಸಿದ. ದೋಣಿಯ ತಳದಲ್ಲಿ ತಗಡು ಜೋಡಿಸಿದ ರಿವೆಟ್ಟುಗಳ ಸಾಲು. ಹಳೆಯ ದೋಣಿ, ಆ ಸಾಲಿನಲ್ಲಿ ನೀರು ಸಣ್ಣಗೆ ಜಿನುಗುತ್ತಿತ್ತು. ಡಾಂಬರು ಬಳಿದರೂ ಪೂರ್ತಿ ನಿಲ್ಲಲಿಲ್ಲ. ಆಗಾಗ ಡಬ್ಬಿಯಲ್ಲಿ ತೋಡಿ ಚೆಲ್ಲಿದರೆ ಆಯಿತು. ಹೊಳೆಯ ಮೇಲೆ ಅದೇನು ದೊಡ್ಡ ಮಾತಲ್ಲ, ಹರಿಗೋಲಿಗೂ ನೀರು ಬರುತ್ತದೆ. ಅಟ್ಟವನ್ನು ಮೂರು ತುಂಡಾಗಿ ಮಾಡಬೇಕು, ನಡುವಿನ ತುಂಡನ್ನು ಎತ್ತಿ ನೀರು ತೋಡಬೇಕು, ದಡಕ್ಕೆ ಬಂದ ಮೇಲೆ ಮೂರನ್ನೂ ಬಿಚ್ಚಿ ದೋಣಿಯನ್ನು ಬೋರಲು ಹಾಕಬೇಕು. ಇದಿಷ್ಟು ಕೆಲಸ.

ಕೆಲಸ ಸುಲಭದ್ದೇ. ನನ್ನ ಬಳಿ ಮರವೂ ಇತ್ತು. ಗಿರಣಿಗೆ ಪರದೇಶದಿಂದ ಬಂದ ಯಂತ್ರದ ಪೆಟ್ಟಿಗೆ ಒಡೆದ ಹಲಗೆಗಳು. ಬಿಳಿ ಮರ, ಹಗುರ, ರಾಳದ ಘಮಲು. ಮೇಲಿನವರನ್ನು ಕೇಳಿ ತಂದಿದ್ದೆ. ಅಕ್ಕನ ಮನೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಮೂರು ಭಾನುವಾರ ಕೂತೆ. ಬಿಸಿಲೆಂದರೆ ಬಿಸಿಲು. ಹೆರೆದ ಸಿಪ್ಪೆ ನೆಲಕ್ಕೆ ಬೀಳುವಷ್ಟರಲ್ಲಿ ಹಪ್ಪಳದಂತೆ ಮುರಿಯುತ್ತಿತ್ತು. ಅದನ್ನು ನೋಡಿದರೂ ನನಗೆ ಏನೂ ಹೊಳೆಯಲಿಲ್ಲ.

ಇಲ್ಲಿ ನನ್ನ ಗಿರಣಿಯ ಬಗ್ಗೆ ಒಂದು ಮಾತು ಹೇಳಬೇಕು. ನೂಲು ತೆಗೆಯುವ ಖಾತೆಯಲ್ಲಿ ಎಳೆ ಹರಿಯಬಾರದೆಂದು ಗಾಳಿಗೆ ಸದಾ ನೀರಿನ ಹನಿ ಸಿಡಿಸುತ್ತಿದ್ದರು. ಏಪ್ರಿಲ್ಲೋ ಆಗಸ್ಟೋ, ಒಳಗೆ ಒಂದೇ ಹವೆ. ಗಿರಣಿಯೊಳಗೆ ಕಾಲಗಳೇ ಇರಲಿಲ್ಲ. ಅಲ್ಲಿ ಕೂರಿಸಿದ ಮರ ಹೇಗಿಟ್ಟರೆ ಹಾಗೆ ಇರುತ್ತಿತ್ತು, ಉಬ್ಬುವುದಿಲ್ಲ, ಸೊರಗುವುದಿಲ್ಲ. ನನಗೆ ಕೆಲಸ ಕಲಿಸಿದ ಮಿಸ್ತ್ರಿ ಎರಡು ಹಲಗೆ ಜೋಡಿಸಿದ ಸಂದಿಯಲ್ಲಿ ಪೋಸ್ಟ್‌ಕಾರ್ಡು ತೂರಿಸಿ ನೋಡುತ್ತಿದ್ದ. ತೂರಿತೋ, ಎಲ್ಲರೆದುರು ಮಾನ ಕಳೆಯುತ್ತಿದ್ದ. ಹತ್ತು ವರ್ಷ ಆ ಬೈಗುಳ ತಿಂದು ನನ್ನ ಕೈ ಪಳಗಿತ್ತು. ಸಡಿಲ ಕೆಲಸವೆಂದರೆ ನನಗೆ ಕಳ್ಳತನಕ್ಕೆ ಸಮ.

ಮೂರನೆಯ ಭಾನುವಾರ ಸಂಜೆ ಮೂರು ತುಂಡುಗಳನ್ನೂ ಕೂರಿಸಿ, ಜೇಬಿನಲ್ಲಿದ್ದ ಭಾವನದೇ ಪೋಸ್ಟ್‌ಕಾರ್ಡು ತೆಗೆದು ಸಂದಿಗಿಟ್ಟೆ. ತೂರಲಿಲ್ಲ. ಸುತ್ತ ಎಲ್ಲಿಟ್ಟರೂ ತೂರಲಿಲ್ಲ. ಆದರೂ ಹಗ್ಗದ ಹಿಡಿ ಹಿಡಿದು ಎತ್ತಿದರೆ ನಡುವಿನ ತುಂಡು ಬೆಣ್ಣೆಯಿಂದ ಎಳೆದ ಕೂದಲಿನಂತೆ ಮೇಲೆ ಬರುತ್ತಿತ್ತು. ಭಾವ ಅದರ ಮೇಲೆ ಹತ್ತಿ ಕುಣಿದ. ಒಂದು ಕಿರ್ರೆನ್ನುವ ಸದ್ದೂ ಇಲ್ಲ.

"ಇದ್ರ ಮ್ಯಾಲೆ ಮಂಚ ಹಾಕ್ಕಂಡು ಮಕ್ಕಳ್ಳಬೋದು ಬಿಡಲೇ!" ಎಂದ.

ಕಟ್ಟೆಯ ಮೇಲೆ ಬಲೆ ಹೊಲಿಯುತ್ತಿದ್ದ ದುರುಗಮ್ಮಜ್ಜಿ ನಗಲಿಲ್ಲ. ಮುದುಕಿ ಮೂರು ವಾರದಿಂದ ನನ್ನ ಕೆಲಸವನ್ನು ನೋಡುತ್ತಿದ್ದಳು, ಒಂದು ಮಾತೂ ಆಡಿರಲಿಲ್ಲ. ಈಗ ಸೂಜಿ ಬದಿಗಿಟ್ಟು ಕೇಳಿದಳು, "ಅಲ್ಲ ತಿಪ್ಪೇಶಿ, ನೀರು ಬಂದ್ರೆ ಇವ್ನಿಗೆ ಹೆಂಗೆ ಗೊತ್ತಾಗ್ತೈತೆ?"

"ನಡುವಿನ ತುಂಡು ಎತ್ತಿ ನೋಡ್ತಾರಲ್ಲ, ಅಜ್ಜಿ."

"ಎತ್ತಿ ನೋಡೋದು ನೆಪ್ಪಿದ್ರೆ ಸೈ. ಹರಿಗೋಲಾಗೆ ನೀರು ಬಂದ್ರೆ ಮೊದ್ಲು ಕಾಲಿಗೆ ಗೊತ್ತಾಗ್ತೈತೆ, ಆಮ್ಯಾಲೆ ತಲಿಗೆ. ನೀನು ಅವ್ನ ಕಾಲಿನ ಕಣ್ಣು ಮುಚ್ಚಿದಿ."

"ನಿನ್ನ ಕಾಲದ ಮಾತು ಬಿಡವ್ವ" ಎಂದು ಭಾವ ನಕ್ಕ. ನಾನೂ ನಕ್ಕೆ. ಮಾರನೆಯ ದಿನ ದೋಣಿಯನ್ನು ನೀರಿಗಿಳಿಸುವಾಗ ಅಜ್ಜಿ ತಗಡಿಗೆ ಕುಂಕುಮ ಹಚ್ಚಿದಳಂತೆ, ಮೂತಿಗೆ ಕಾಯಿ ಒಡೆದಳಂತೆ. ಅಟ್ಟಕ್ಕೆ ಮಾತ್ರ ಕುಂಕುಮ ಹಚ್ಚಲಿಲ್ಲವಂತೆ. ಅಕ್ಕ ಇದನ್ನು ನನಗೆ ಹೇಳಿದ್ದು ಬಹಳ ದಿನಗಳಾದ ಮೇಲೆ.

ಬೇಸಿಗೆಯ ಆ ಒಂದೂವರೆ ತಿಂಗಳು ಭಾವನಿಗೆ ಸುಗ್ಗಿ. ಹೊಳೆ ತೆಳ್ಳಗಾಗಿ ಮಡುವುಗಳಲ್ಲಿ ನಿಂತಿತ್ತು. ಅಟ್ಟದ ಮೇಲೆ ಸಪ್ಪಳವಿಲ್ಲದೆ ನಿಂತು ಬಲೆ ಬೀಸಿದರೆ ಬಾಳೆಮೀನು, ಗೆಂಡೆ, ಎತ್ತಲಾರದಷ್ಟು. ನಾನು ಹೋದಾಗಲೆಲ್ಲ ಅಕ್ಕನ ಮುಖದಲ್ಲಿ ಗೆಲುವು. ಊರವರು 'ಪಾತ್ರೆ' ಎನ್ನುವುದನ್ನು ಬಿಟ್ಟರು. ಭಾವ ಹಳೆಯ ಹರಿಗೋಲಿಗೆ ಆ ವರ್ಷ ಡಾಂಬರೇ ಬಳಿಯಲಿಲ್ಲ. ಹಿತ್ತಲಲ್ಲಿ ಬೋರಲು ಬಿದ್ದ ಅದರ ಚರ್ಮ ಬಿರಿಯಿತು, ಕೆಳಗೆ ಕೋಳಿ ಮೊಟ್ಟೆ ಇಟ್ಟಿತು. ಅಜ್ಜಿ ದಿನಾ ಅದನ್ನೊಮ್ಮೆ ಮುಟ್ಟಿ ನೋಡಿ ಬರುತ್ತಿದ್ದಳು.

ಮುಂಗಾರು ಬಂತು. ನಮ್ಮ ಕಡೆ ಮಳೆಗಿಂತ ಗಾಳಿ ಹೆಚ್ಚು. ದಾವಣಗೆರೆಯಲ್ಲಿ ಬರೀ ಧೂಳು, ಗಿರಣಿಯ ಗೋಡೆಗಳ ಹೊರಗೆ ಹತ್ತಿಯ ನವಿರು ಹಾರಾಡುತ್ತಿತ್ತು. ಆದರೆ ಎಲ್ಲೋ ಮೇಲೆ, ನಮಗೆ ಕಾಣದ ಘಟ್ಟದಲ್ಲಿ ಸುರಿದದ್ದು ಇಲ್ಲಿ ಹೊಳೆಗೆ ಬರುತ್ತದೆ. ಮೇಲೆ ಒಣ ಆಕಾಶ, ಕೆಳಗೆ ದಿನದಿನಕ್ಕೆ ಏರುವ ಕೆಂಪು ನೀರು. ಒಂದು ಭಾನುವಾರ ಹರಿಹರದ ಸೇತುವೆಯ ಮೇಲೆ ನಿಂತು ಅದನ್ನು ನೋಡಿದೆ. ಗಿಡ, ಗಂಟಿ, ಸತ್ತ ಕರು, ಎಲ್ಲವೂ ಅವಸರವಿಲ್ಲದೆ ಕಂಬಗಳ ನಡುವೆ ತೂರಿ ಹೋಗುತ್ತಿದ್ದವು.

ಆ ದಿನ ಮನೆಗೆ ಹೋದಾಗ ಭಾವ ಅಂಗಳದಲ್ಲಿ ಕೊಡತಿ ಹಿಡಿದು ಅಟ್ಟದ ನಡುವಿನ ತುಂಡನ್ನು ಕೆಳಗಿನಿಂದ ಬಡಿಯುತ್ತಿದ್ದ. ದೋಣಿಯನ್ನು ಅಡ್ಡ ಮಲಗಿಸಿದ್ದ. ಹತ್ತು ಪೆಟ್ಟು ಬಿದ್ದ ಮೇಲೆ ತುಂಡು ಬಂತು.

"ಹೊಸ ನೀರು ಬಂದಾಗಿಂದ ಹಿಂಗೆ ಹಿಡ್ಕಂತೈತೆ. ಹೊಳಿ ನಡುವೆ ಎಳದು ಎಳದು ಸೋತೆ. ನೀರು ತೋಡಾಕೆ ದಂಡಿಗೇ ಬರಬೇಕು. ಒಂದೀಟು ಹತ್ತರಿ ಹೊಡೆದು ಸಡಿಲ ಮಾಡಿ ಕೊಡು ಮಾರಾಯ."

ಹತ್ತರಿ ಎಂದರೆ ಹಲಗೆಯನ್ನು ಎಳೆ ಎಳೆಯಾಗಿ ಹೆರೆಯುವ ಸಾಮಾನು. ಎರಡು ಸಲ ಆಡಿಸಿದ್ದರೆ ಸಾಕಿತ್ತು. ಕೆಂಪು ನೀರಿನ ತಂಪು ಕುಡಿದು ಮರ ಉಬ್ಬಿದೆ ಎಂದು ಆಗಲಾದರೂ ನನಗೆ ಗೊತ್ತಾಯಿತು. ಆದರೆ ನನ್ನ ಕಣ್ಣು ಹೋದದ್ದು ಸಂದಿಯ ಮೇಲೆ. ಎಷ್ಟು ಚೆಂದ ಮುಚ್ಚಿತ್ತು! ಈಗ ಹೆರೆದರೆ ಬೇಸಿಗೆಗೆ ಬೆರಳು ತೂರುವಷ್ಟು ಬಾಯಿ ಬಿಡುತ್ತದೆ. ನನ್ನ ಕೈಯ ಕೆಲಸ ಬಾಯಿ ಬಿಟ್ಟುಕೊಂಡು ಕೂರುವುದನ್ನು ನೆನೆಸಿಕೊಳ್ಳಲಾರದೆ ಹೋದೆ.

"ಸಡಿಲ ಮಾಡಿದ್ರೆ ತಗಡಿಗೆ ಬಡಿದು ಸಪ್ಪಳ ಆಗ್ತೈತೆ ಭಾವ, ಮೀನು ಓಡ್ತಾವೆ. ಈ ಹಗ್ಗದ ಹಿಡಿ ಸರಿ ಇಲ್ಲ, ಅದಕ್ಕೆ ಬರವಲ್ದು. ಕಬ್ಬಿಣದ ಬಳಿ ಹಾಕಿ ಕೊಡ್ತೀನಿ. ಎರಡೂ ಕೈ ಹಾಕಿ ಜಗ್ಗಿದ್ರೆ ಬರ್ತೈತೆ."

"ಹತ್ತರಿ ಹೊಡೆಯೋದೇ ಚಲೋ ಅನಸ್ತೈತೆ ನಂಗೆ."

"ಹತ್ತರಿ ಇವತ್ತು ತಂದಿಲ್ಲ. ಬಳಿ ಹಾಕಿದ್ರೂ ಹಿಡ್ಕಂಡ್ರೆ ಮುಂದಿನ ಭಾನುವಾರ ತರ್ತೀನಿ."

ಹತ್ತರಿ ನನ್ನ ಚೀಲದಲ್ಲಿತ್ತು.

ಯಾಕೆ ಸುಳ್ಳು ಹೇಳಿದೆ ಎಂದು ಆಮೇಲೆ ಸಾವಿರ ಸಲ ಕೇಳಿಕೊಂಡಿದ್ದೇನೆ. ಬೇರೆ ಕಾರಣವೇ ಇಲ್ಲ, ಬರೀ ಹಮ್ಮು. ಪೋಸ್ಟ್‌ಕಾರ್ಡು ತೂರದ ಸಂದಿ ನನಗೆ ಬೇಕಾಗಿತ್ತು. ಬಳೆಯನ್ನು ಬೋಲ್ಟು ಹಾಕಿ ಬಿಗಿದೆ. ಭಾವ ಜಗ್ಗಿ ನೋಡಿದ, ದಡದ ಮೇಲೆ ಬಂತು. ಅಕ್ಕ ರೊಟ್ಟಿ, ಹುರಿದ ಮೀನು ಗಂಟು ಕಟ್ಟಿ ನನ್ನ ಚೀಲದಲ್ಲಿಟ್ಟಳು. ಸಂಜೆಯ ರೈಲಿಗೆ ದಾವಣಗೆರೆಗೆ ಬಂದೆ. ಮುಂದಿನ ಭಾನುವಾರ ಗೆಳೆಯರ ಜೊತೆ ಸಿನಿಮಾಕ್ಕೆ ಹೋದೆ.

ಸಿನಿಮಾ ನೋಡಿ ಬಂದ ಆ ವಾರವೇ, ನಾಗರ ಪಂಚಮಿಗೆ ಇನ್ನು ನಾಲ್ಕು ದಿನವಿದೆ ಎನ್ನುವಾಗ, ಬೆಳಿಗ್ಗೆ ಕೆಲಸದ ನಡುವೆ ಗಿರಣಿಯ ಗೇಟಿನಿಂದ ಕರೆ ಬಂತು. ಭಾವನ ಓಣಿಯವನೊಬ್ಬ ನಿಂತಿದ್ದ. "ನಿಮ್ಮ ಭಾವ ಹೊಳ್ಯಾಗೆ ಹೋದ್ರು, ಬರ್ರಿ" ಎಂದ. ಹೊಳೆಗೆ ಹೋದರು ಎಂದೇ ಮೊದಲು ಅಂದುಕೊಂಡೆ. ದಿನಾ ಹೋಗುತ್ತಾರಲ್ಲ, ಅದಕ್ಕೆ ಇಷ್ಟು ದೂರ ಬಂದು ಹೇಳುವುದೇಕೆ ಎಂದು ಅವನ ಮುಖ ನೋಡಿದೆ. ಆಗ ಅರ್ಥವಾಯಿತು.

ದಡದಲ್ಲಿದ್ದದ್ದು ಅಜ್ಜಿ. ಅವಳು ಕಂಡದ್ದನ್ನು ಅವಳ ಬಾಯಿಂದಲೇ ಕೇಳಿದೆ. ಭಾವ ಅಟ್ಟದ ಮೇಲೆ ನಿಂತು ಬಲೆ ಬೀಸುತ್ತಿದ್ದ. ಹೊಸ ನೀರಿಗೆ ಮೀನು ಎದ್ದಿದ್ದವು, ಅವನಿಗೆ ಮೈಮೇಲೆ ಎಚ್ಚರವಿರಲಿಲ್ಲ. ಕಾಲು ಒಣಗಿಯೇ ಇತ್ತು. ದೋಣಿಯ ಅಂಚು ನೀರಿಗೆ ಸಮವಾಗಿ ಕೂತಿರುವುದು ದಡದಿಂದ ಅಜ್ಜಿಗೆ ಕಂಡಿತು, ಅವನಿಗೆ ಕಾಣಲಿಲ್ಲ. ಕೂಗಿದಳು. ಗಾಳಿ. ಮತ್ತೆ ಕೂಗಿದಳು, ಅವನು ತಿರುಗಿ ನೋಡಿದ, ಕೆಳಗೆ ನೋಡಿದ.

"ಬಗ್ಗಿದ. ಎರಡೂ ಕೈಲಿ ಬಳಿ ಹಿಡ್ಕಂಡು ಜಗ್ಗಿದ, ಜಗ್ಗಿದ. ದುಮುಕೋ ಅಂತ ಬಡ್ಕಂಡೆ. ಮೀನಿನಂಗೆ ಈಜೋನು ನನ್ನ ಮಗ. ದುಮುಕ್ಲಿಲ್ಲ, ಜಗ್ಗಿದ" ಎಂದಳು ಅಜ್ಜಿ.

ಕೊನೆಗೆ ಅವನು ಎದ್ದು ನಿಂತಾಗ ಅಟ್ಟದ ಕೆಳಗಿನ ನೀರೆಲ್ಲ ಒಂದು ಬದಿಗೆ ಹೊರಳಿ ದೋಣಿ ಮಗುಚಿತು. ಬೀಸುಬಲೆಯ ಹಗ್ಗವನ್ನು ಎಡಗೈ ಮಣಿಕಟ್ಟಿಗೆ ಕಟ್ಟಿಕೊಳ್ಳುವುದು ನಮ್ಮವರ ರೂಢಿ. ತುಂಬಿದ ಬಲೆ ಅವನನ್ನು ಎಳೆದುಕೊಂಡು ಹೋಯಿತು. ಮೂರನೆಯ ದಿನ ಕೆಳಗಿನ ಊರಿನ ಹತ್ತಿರ ಸಿಕ್ಕ. ಹಗ್ಗ ಇನ್ನೂ ಕೈಯಲ್ಲಿತ್ತು.

ದೋಣಿ ಅದಕ್ಕೂ ಮುಂಚೆ ಸಿಕ್ಕಿತ್ತು, ಜಾಲಿಯ ಪೊದೆಗೆ ಸಿಕ್ಕಿಕೊಂಡು ಬೋರಲಾಗಿ. ನಾಲ್ಕು ಜನ ಎತ್ತಿ ತಿರುಗಿಸಿದರು. ಅಟ್ಟ ಮೂರೂ ತುಂಡು ಇದ್ದಲ್ಲೇ ಇತ್ತು. ಒಬ್ಬ ವಯಸ್ಸಾದ ಅಂಬಿಗ ಅದರ ಮೇಲೆ ಕೈಯಾಡಿಸಿ, "ಯಾರು ಮಾಡಿದ್ದಪ್ಪ ಇದು? ಇಂಥ ಹೊಳಿಗೇ ಜಗ್ಗಿಲ್ಲ, ಕೆಲಸ ಅಂದ್ರೆ ಇದು" ಎಂದ. ಎಲ್ಲರೂ ನನ್ನ ಕಡೆ ತೋರಿಸಿದರು. ನಾನು ತಲೆ ತಗ್ಗಿಸಿದೆ. ದುಃಖಕ್ಕೆ ಎಂದುಕೊಂಡರು.

ಹೊಳೆ ಕರಕೊಂಡಿತು ಎಂದಿತು ಊರು. ನಾನೂ ಹೂಂ ಎಂದೆ. ಅಜ್ಜಿ ಮಾತ್ರ ನನ್ನೆದುರು ಕೂತು ಗೋಡೆಗೆ ಹೇಳಿದಳು, "ನನ್ನ ಮಗನ ಕಾಲಿಗೆ ಗೊತ್ತಾಗ್ಲಿಲ್ಲ." ಮತ್ತೆ ನನ್ನ ಜೊತೆ ಮಾತಾಡಲಿಲ್ಲ, ಮರುವರ್ಷ ತೀರಿಕೊಂಡಳು. ಅಕ್ಕ ಹಾಸ್ಟೆಲ್ಲಿನ ಅಡಿಗೆ ಕೆಲಸಕ್ಕೆ ಸೇರಿದಳು. ನಾನು ತಪ್ಪದೆ ಹೋಗಿ ಬರುತ್ತಿದ್ದೆ, ಅಕ್ಕಿ ಬೇಳೆ ಒಯ್ಯುತ್ತಿದ್ದೆ. ಊರವರ ಬಾಯಲ್ಲಿ ನಾನು ಒಳ್ಳೆಯ ತಮ್ಮ. ದೋಣಿ ಮರುಬೇಸಿಗೆಯವರೆಗೂ ಅಟ್ಟದ ಸಮೇತ ಹಿತ್ತಲಲ್ಲಿ ಬಿದ್ದಿತ್ತು, ಆಮೇಲೆ ಯಾರೋ ಒಯ್ದರು. ಅಟ್ಟದ ಹಲಗೆಗಳನ್ನು ಅಕ್ಕ ಕೊಡಲಿಲ್ಲ. ಆ ಬೇಸಿಗೆಯಲ್ಲೇ ಹರಿಹರದ ಬಡಗಿಯೊಬ್ಬನಿಂದ ಅವನ್ನು ಜೋಡಿಸಿ ಹಿತ್ತಲಿಗೆ ಬಾಗಿಲು ಮಾಡಿಸಿದಳು, ಬಳೆಯ ಸಮೇತ. ಗಂಡನ ನೆನಪು, ತಮ್ಮನ ಕೆಲಸ, ಅದಕ್ಕೇ ಇಟ್ಟುಕೊಂಡಿದ್ದಾಳೆ ಎಂದು ನಾನು ನಂಬಿದ್ದೆ. ನಂಬುವುದು ನನಗೆ ಅನುಕೂಲವೂ ಆಗಿತ್ತು.

ಮೊನ್ನೆ ಬಾಗಿಲು ಬರದಿದ್ದಾಗ ನನ್ನ ಬಾಯಿಂದ ಮಾತು ತಾನಾಗಿ ಜಾರಿತು. "ಎರಡು ಸಲ ಹತ್ತರಿ ಹೊಡೆದ್ರೆ ಸಾಕಕ್ಕ. ಇವತ್ತು ತಂದಿಲ್ಲ. ಮುಂದಿನ ಭಾನುವಾರ ತರ್ತೀನಿ."

ಅಕ್ಕನ ಕೈ ಬಳೆಯ ಮೇಲೆ ನಿಂತಿತು. ತಿರುಗಿ ನನ್ನನ್ನೇ ನೋಡಿದಳು.

"ಅವತ್ತು ತಂದಿದ್ದಿ" ಎಂದಳು. "ರೊಟ್ಟಿ ಗಂಟು ಇಡಾಕೆ ಚೀಲ ಬಿಚ್ಚಿದಾಗ ನೋಡಿದೆ. ಹತ್ತರಿ ಮ್ಯಾಲೇ ಇತ್ತು."

ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಹಾಸ್ಟೆಲ್ಲಿನಲ್ಲಿ ಇವತ್ತು ಏನು ಸಾರು ಮಾಡಿದೆ ಎಂದು ಹೇಳುತ್ತಿದ್ದಳಲ್ಲ, ಅದೇ ದನಿ.

"ಮರುವರ್ಷ ಬ್ಯಾಸಿಗ್ಯಾಗೆ ಆ ನಡುವಿನ ತುಂಡು ಮುಟ್ಟಿದೆ ತಮ್ಮಾ. ಎರಡು ಬೆರಳಿಗೆ ಬಂತು. ಬರೇ ಎರಡು ಬೆರಳಿಗೆ. ಅವತ್ತೇ ಎಲ್ಲಾ ಗೊತ್ತಾತು ನನಗೆ."

"ಮತ್ತೆ ಯಾಕ ಹೇಳ್ಲಿಲ್ಲ? ಇಷ್ಟು ವರ್ಷ ಯಾಕಕ್ಕಾ ಸುಮ್ನಿದ್ದಿ?"

"ಹೇಳಿ? ಅವ್ರು ಹೋದ್ರು, ಅತ್ತಿ ಹೋದ್ರು. ನನಗೆ ಅಂತ ಇದ್ದೋನು ನೀನೊಬ್ಬ. ನಿನ್ನೂ ಹೊಳಿಗೆ ಹಾಕಬೇಕಿತ್ತೇನು?" ಎಂದಳು. "ಅದೂ ಅಲ್ದೆ ಅವತ್ತು ಚೀಲದಾಗೆ ಕಂಡಾಗ ನಾನೂ ಬಾಯಿ ಬಿಡ್ಲಿಲ್ಲ. ನಮ್ಮ ತಿಪ್ಪೇಶಿ ಕೆಲಸಗಾರ, ಅವ್ನು ಬ್ಯಾಡ ಅಂದ್ರೆ ಏನೋ ಇರ್ತೈತೆ ಅಂದ್ಕಂಡೆ. ನಿನ್ನ ಒಬ್ಬನ್ನೇ ಹೆಂಗೆ ಬಯ್ಯಲಿ?"

ಹೊರಗೆ ಮಳೆ ಹೆಂಚಿನಿಂದ ಧಾರೆಯಾಗಿ ಇಳಿಯುತ್ತಿತ್ತು. ಅಕ್ಕ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದು ನಿಂತಳು. ನನ್ನ ಕೈಯಿಂದ ಚೊಂಬು ತೆಗೆದುಕೊಂಡಳು.

"ಹತ್ತರಿ ಏನೂ ತರಬ್ಯಾಡ" ಎಂದಳು. "ಜಗ್ಗು."

ನಾನು ಬಳೆ ಹಿಡಿದೆ. ತಣ್ಣಗಿತ್ತು, ಒದ್ದೆಯಾಗಿತ್ತು. ಎರಡೂ ಕೈ ಹಾಕಿ, ಹೊಸಿಲಿಗೆ ಕಾಲು ಕೊಟ್ಟು, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಜಗ್ಗಿದೆ. ಬರಲಿಲ್ಲ. ಮತ್ತೆ ಜಗ್ಗಿದೆ.